ಕವಲಿನ ಹಳದಿ ಕಲ್ಲು

ಸೈಕಲ್ಲಿನ ಹ್ಯಾಂಡಲ್ ಹಿಡಿದ ಕ್ಷಣದಿಂದ ಕಾಲು ನೆಲಕ್ಕೂರುವ ಕ್ಷಣದವರೆಗೆ ಎರಡೂ ಕೈಗಳ ಬೆರಳುಗಳನ್ನು ಬ್ರೇಕಿನ ಮೇಲೆಯೇ ಇಟ್ಟುಕೊಂಡಿರುತ್ತಿದ್ದ ಆ ರಿಪೇರಿ ಅಂಗಡಿಯವನನ್ನು ಊರವರು ಬ್ರೇಕಣ್ಣ ಎಂದು ಕರೆಯುತ್ತಿದ್ದರು. ತಂದೆತಾಯಿ ಇಟ್ಟ ಹೆಸರು ಕಟ್ಟಿಕೊಂಡ ಹೆಂಡತಿಗೂ ಥಟ್ಟನೆ ನೆನಪಾಗುತ್ತಿರಲಿಲ್ಲ. ಈ ಅಡ್ಡಹೆಸರು ಹುಟ್ಟಿದ್ದು 1987ರ ಮಾರ್ಚ್ 14ರ ಶನಿವಾರ. ಕೆಲವರು ಅದನ್ನು ಏಪ್ರಿಲ್ ತಿಂಗಳಿಗೆ ತಳ್ಳುತ್ತಾರೆ, ಅದು ತಪ್ಪು. ಅಂದು ಅವನ ಅಕ್ಕನ ಮದುವೆ. ಬೆಳಿಗ್ಗೆ ಗುಡ್ಡದ ಇಳಿಜಾರಿನಲ್ಲಿ ಬ್ರೇಕಿನ ತಂತಿ ತುಂಡಾಗಿ ಮುಳ್ಳಿನ ಪೊದೆಗೆ ನುಗ್ಗಿದ ತಮ್ಮ, ಎಡಗೈಗೆ ಕಟ್ಟು ಹಾಕಿಸಿಕೊಂಡು, ಕೆನ್ನೆಯ ತುಂಬ ಗೀರುಗಳನ್ನು ಹೊತ್ತು ಮದುವೆಯ ಫೋಟೋದಲ್ಲಿ ನಿಂತಿದ್ದಾನೆ. ಮೂಳೆ ಕೂಡಿಕೊಂಡಿತು, ಗೀರುಗಳು ಮಾಸಿದವು. ಭಯ ಮಾತ್ರ ಮೈಯಲ್ಲಿಯೇ ಮನೆ ಮಾಡಿಕೊಂಡು ಉಳಿಯಿತು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಮೇಲಿನ ಕೊಕ್ಕೆಗಳಲ್ಲಿ ರಿಮ್ಮುಗಳು ತೂಗಾಡುತ್ತಿದ್ದವು. ಮೂಲೆಯಲ್ಲಿ ಟ್ಯೂಬು ಮುಳುಗಿಸಿ ನೋಡುವ ನೀರಿನ ತೊಟ್ಟಿ. ಎಲ್ಲೆಲ್ಲೂ ಎಣ್ಣೆ ಮತ್ತು ರಬ್ಬರ್ ಅಂಟಿನ ವಾಸನೆ. ಒಳಕೋಣೆಗೂ ಅಂಗಡಿಗೂ ನಡುವೆ ಒಂದೇ ಒಂದು ಪರದೆ. ಅದರ ಹಿಂದೆ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕುಳಿತು ಸೈಕಲ್ ಸವಾರರಿಗೆ ಕ್ಯಾನ್ವಾಸ್ ಚೀಲ ಹೊಲಿಯುತ್ತಿದ್ದಳು. ಯಂತ್ರದ ಸದ್ದು ನಿಂತಿತೆಂದರೆ ಆಕೆ ಅಂಗಡಿಯ ಮಾತಿಗೆ ಕಿವಿಗೊಟ್ಟಿದ್ದಾಳೆಂದು ಅರ್ಥ.

ಡಾಂಬರು ರಸ್ತೆಗಳೆಲ್ಲ ಲಾರಿಗಳ ಪಾಲಾದ ಮೇಲೆ, ದಪ್ಪ ಟಯರಿನ, ಬಾಗಿದ ಹ್ಯಾಂಡಲಿನ ಸೈಕಲ್‌ಗಳನ್ನೇರಿ ಪಟ್ಟಣದವರು ಬೆಟ್ಟದ ಜಲ್ಲಿರಸ್ತೆಗಳನ್ನು ಹುಡುಕಿಕೊಂಡು ಬರತೊಡಗಿದರು. ಹಾಲಿನ ಟ್ಯಾಂಕರಿನ ರಸ್ತೆ, ಅರಣ್ಯ ಕಾವಲಿನ ರಸ್ತೆ, ಜಲಾಶಯದ ಕಾಲುವೆಯ ಮೇಲಿನ ರಸ್ತೆ, ಇವುಗಳಲ್ಲಿ ಯಾವುದು ಎಲ್ಲಿ ಸೇರುತ್ತದೆಂದು ಅವರಿಗೆ ತಿಳಿಯದು. ದಾರಿ ತೋರಿಸುವವರು ಬೇಕಾಗಿದ್ದರು. ಊರಿನಲ್ಲೆಲ್ಲ ಅತ್ಯಂತ ಪುಕ್ಕಲನಾದವನೇ ಆ ಕೆಲಸಕ್ಕೆ ಸಿಕ್ಕಿದ್ದು ವಿಚಿತ್ರವೆನಿಸಬಹುದು. ಆದರೆ 2009ರ ಫೆಬ್ರವರಿ 1ರ ಭಾನುವಾರ ಅವನು ಗುರುತು ಹಾಕಿದ ಮೊದಲ ದಾರಿ ತೆರೆದಂದಿನಿಂದ, ಆ ದಾರಿಗಳಲ್ಲಿ ಮೊಣಕಾಲಿನ ತರಚುಗಾಯಕ್ಕಿಂತ ದೊಡ್ಡ ಗಾಯ ಯಾರಿಗೂ ಆಗಿರಲಿಲ್ಲ. ಯಾವ ತಿರುವಿನಲ್ಲಿ ಎದೆ ಧಸಕ್ಕೆಂದಿತೋ ಆ ತಿರುವನ್ನು ಅವನು ದಾರಿಯಿಂದಲೇ ಕೈಬಿಡುತ್ತಿದ್ದ. ಗುಡ್ಡಗಾಡಿನಲ್ಲಿ ಅವನ ಎದೆಯೇ ಅಳತೆಗೋಲು.

ಕವಲು ಬಂದಲ್ಲೆಲ್ಲ ಹಳದಿ ಬಣ್ಣದ ಬಾಣ ಬರೆಯುತ್ತಿದ್ದ. ಬಾಣ ನೋಡಿ ತಿರುಗಿದ ಮೇಲೂ ಅವನ ಜೀವಕ್ಕೆ ಸಮಾಧಾನವಿರುತ್ತಿರಲಿಲ್ಲ. ಸರಿಯಾಗಿಯೇ ತಿರುಗಿದೆನೇ ಎಂದು ಮನಸ್ಸು ಹೊಯ್ದಾಡುತ್ತಿತ್ತು. ಆದ್ದರಿಂದ ತಿರುವಿನಿಂದ ತುಸು ಮುಂದೆ, ಮರದ ಬೇರಿನ ಮೇಲೋ ಬಂಡೆಯ ಮೇಲೋ, ಒಂದು ಹಳದಿ ಚುಕ್ಕೆಯನ್ನೂ ಇಡುತ್ತಿದ್ದ. ಸವಾರರು ನಗೆಯಾಡಿ ಅದನ್ನು 'ಬ್ರೇಕಣ್ಣನ ಬೊಟ್ಟು' ಎಂದರು. ಅವನ ದಾರಿಯಲ್ಲಿ ಹೊರಟವರು ಫೋನನ್ನು ಚೀಲಕ್ಕೆ ಹಾಕಿ, ಬಾಣ ಮತ್ತು ಬೊಟ್ಟು ನೋಡಿಕೊಂಡೇ ಹೋಗಬೇಕು. ಫೋನಿನ ಮೇಲೆ ಕಣ್ಣಿಟ್ಟವನಿಗೆ ಮುಂದಿನ ಗುಂಡಿ ಕಾಣುವುದಿಲ್ಲ ಎಂಬುದು ಅವನ ಕಟ್ಟಪ್ಪಣೆ. ತನಗೂ ಒಂದು ನಿಯಮ ಹಾಕಿಕೊಂಡಿದ್ದ. ನೆಲದಲ್ಲಿ ಬೇರೂರಿದ ಬಂಡೆಯ ಮೇಲಲ್ಲದೆ ಬಿಡಿಗಲ್ಲಿನ ಮೇಲೆ ಬಾಣ ಬರೆಯಕೂಡದು.

ಈ ನಿಯಮವನ್ನು ಅವನು ಮುರಿದದ್ದು ಒಂದೇ ಸಲ, 2018ರ ಅಕ್ಟೋಬರ್ 26ರ ಶುಕ್ರವಾರ, ಬೆಟ್ಟದ ನೆತ್ತಿಯ ಕವಲಿನಲ್ಲಿ. ಅಲ್ಲಿ ಎಡಕ್ಕೆ ಹೋಗುವುದು ಕಾಡಿನಂಚಿನ ಕಿರಿದಾದ ದಾರಿ. ಸುತ್ತಿಕೊಂಡು ಜಲಾಶಯಕ್ಕೆ ಇಳಿಯುತ್ತದೆ. ಬಲಕ್ಕೆ ಹೋಗುವುದು ಅಗಲವಾದ, ನೇರವಾದ ಇಳಿಜಾರು. ಒಂದು ಕಾಲದಲ್ಲಿ ಕಲ್ಲುಕ್ವಾರಿಯ ಲಾರಿಗಳಿಗೆಂದು ಮಾಡಿದ್ದು. ಕ್ವಾರಿ ಮುಚ್ಚುವ ಮುಂಚಿನ ಕೊನೆಯ ಸಿಡಿತದಲ್ಲಿ ರಸ್ತೆಯ ತುದಿಯೇ ಹಾರಿಹೋಗಿತ್ತು. ಈಗ ಆ ರಸ್ತೆ ಚೆನ್ನಾಗಿ ಇಳಿದು, ಇಳಿದು, ಇದ್ದಕ್ಕಿದ್ದಂತೆ ಇಲ್ಲವಾಗುತ್ತದೆ. ಕೆಳಗೆ ಕಡಿದಾದ ಕಲ್ಲಿನ ಗೋಡೆ, ಅದರ ಬುಡದಲ್ಲಿ ಕಪ್ಪು ನೀರು. ತಂತಿಬೇಲಿಯನ್ನು ಯಾರೋ ಕಳಚಿಕೊಂಡು ಹೋಗಿದ್ದರು. ಕೊಳೆತ ಕಂಬಗಳು ಅಲ್ಲೊಂದು ಇಲ್ಲೊಂದು ಉಳಿದಿದ್ದವು.

ಆ ಸಂಜೆ ಬ್ರೇಕಣ್ಣ ಬಣ್ಣದ ಡಬ್ಬಿ ಹಿಡಿದು ಕವಲಿನಲ್ಲಿ ನಿಂತಾಗ ಬೆಳಕು ಇಳಿಯುತ್ತಿತ್ತು. ಸುತ್ತ ಬೇರೂರಿದ ಬಂಡೆ ಒಂದೂ ಇರಲಿಲ್ಲ. ಕ್ವಾರಿಯ ಕಡೆಯಿಂದ ನೀರು ತೊಟ್ಟಿಕ್ಕುವ ಸದ್ದು ಬಂದಂತಾಯಿತು; ಅಷ್ಟು ದೂರದಿಂದ ಅದು ಕೇಳಲು ಸಾಧ್ಯವಿಲ್ಲವೆಂದು ಗೊತ್ತಿದ್ದೂ ಬೆನ್ನು ತಣ್ಣಗಾಯಿತು. ಎರಡು ಕೈಯಲ್ಲಿ ಎತ್ತಬಹುದಾದ ಒಂದು ಚಪ್ಪಟೆ ಕಲ್ಲನ್ನು ಕವಲಿನ ನಡುವೆ ಇಟ್ಟು, ಎಡಕ್ಕೆ ಬಾಣ ಬರೆದು, ಎಡದಾರಿಯ ಬೇರಿನ ಮೇಲೊಂದು ಬೊಟ್ಟಿಟ್ಟು ಅಲ್ಲಿಂದ ಕಾಲು ಕಿತ್ತ. ಮರುದಿನ ಹಾರೆ ತಂದು ಕಲ್ಲನ್ನು ನೆಲದಲ್ಲಿ ಹೂಳಬೇಕೆಂದುಕೊಂಡಿದ್ದ. ಮರುದಿನ ಅಂಗಡಿಯಲ್ಲಿ ಕೆಲಸವಿತ್ತು. ಅದರ ಮರುದಿನ ಮೋಡವಿತ್ತು. ಭಯಕ್ಕೆ ನೆಪಗಳು ಹೇಗೂ ಸಿಗುತ್ತವೆ.

ನವೆಂಬರ್ 11ರ ಭಾನುವಾರ ಆ ಹೊಸ ದಾರಿಯ ಮೊದಲ ಸವಾರಿ. ಬೆಳಕು ಹರಿದರೂ ಬೀದಿಯ ಆಚೆಬದಿಯ ಮನೆಗಳು ಕಾಣದಷ್ಟು ಮಂಜು. ಪಟ್ಟಣದ ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವ ಅವನ ಮಗಳು ಹಿಂದಿನ ದಿನವೇ ಬಂದಿದ್ದಳು. ಅವಳೂ ಸೇರಿ ಆರು ಮಂದಿಯ ಗುಂಪಿಗೆ ಅಂದು ಅವಳೇ ಮುಂದಾಳು; ನೆತ್ತಿಯ ಕವಲನ್ನು ಅವರಲ್ಲಿ ಯಾರೂ ಮೊದಲು ಕಂಡಿರಲಿಲ್ಲ.

"ಅಪ್ಪಾ, ಇವತ್ತು ನೀನು ಬರಬೇಡ. ನೀನಿದ್ರೆ ಎಲ್ಲರೂ ನಿನ್ನ ಬ್ರೇಕಿನ ಕಿರುಚಾಟ ಕೇಳ್ಕೊಂಡೇ ಬೆಟ್ಟ ಇಳೀಬೇಕು."

"ಮಂಜು ಬಹಳ ಇದೆಯಲ್ಲಮ್ಮಾ..."

"ಮಂಜೇನು ಕಚ್ಚುತ್ತಾ?"

ಔಷಧಿ ಅಂಗಡಿಯವನು ಶಿರಸ್ತ್ರಾಣದ ಪಟ್ಟಿ ಬಿಗಿಯುತ್ತ ನಕ್ಕ. ಗುಂಪಿನಲ್ಲಿ ಅವನ ಬಾಯಿ ಕಾಲಿಗಿಂತ ವೇಗವಾಗಿ ಓಡುತ್ತಿತ್ತು. "ಬಿಡಿ ಬ್ರೇಕಣ್ಣ, ನಿಮ್ಮ ಮಗಳಿಗೆ ಸೈಕಲ್‌ನಲ್ಲಿ ಪೆಡಲ್ ಅಂತಾನೂ ಒಂದಿದೆ ಅನ್ನೋದು ಗೊತ್ತು. ಎದೆಬಡಿತಕ್ಕೆ ಒಂದು ಮಾತ್ರೆ ಕೊಟ್ಟು ಹೋಗ್ಲಾ?"

ಪರದೆಯ ಹಿಂದೆ ಯಂತ್ರ ನಿಂತಿತು. "ಅವರಿಗೇನೂ ಬೇಡಪ್ಪಾ. ಮಾತು ಕಮ್ಮಿ ಮಾಡೋ ಮಾತ್ರೆ ನಿನ್ನ ಅಂಗಡೀಲಿದ್ರೆ ಒಂದು ನೀನೇ ನುಂಗು."

ಎಲ್ಲರೂ ನಕ್ಕರು. ಮಗಳು ಫೋನನ್ನು ಚೀಲದೊಳಗೆ ತುರುಕಿದಳು. ಆರು ಸೈಕಲ್‌ಗಳು ಮಂಜಿನೊಳಗೆ ಒಂದೊಂದಾಗಿ ಕರಗಿದವು. ಮೊದಲು ಕಣಿವೆಯನ್ನು ಸುತ್ತಿ, ಆಮೇಲೆ ಹಿಂಬದಿಯಿಂದ ಬೆಟ್ಟ ಹತ್ತಿ, ನೆತ್ತಿಯ ಕವಲಿಗೆ ಬರುವುದು ಅವರ ದಾರಿ.

ಅವರು ಹೋಗಿ ಬಹಳ ಹೊತ್ತಾದ ಮೇಲೆ ರಸ್ತೆ ಸಮಮಾಡುವ ಗ್ರೇಡರ್ ಯಂತ್ರದ ಚಾಲಕ ಒಂದು ಹಳೆಯ ಸೈಕಲ್ ತಳ್ಳಿಕೊಂಡು ಬಂದ. ನವೆಂಬರ್ 1ರಂದು ಬೇರೆ ಊರಿನಿಂದ ಈ ಭಾಗದ ಕೆಲಸಕ್ಕೆ ಬಂದವನು. ಬೆಟ್ಟದ ಬುಡದ ಶೆಡ್ಡಿನಲ್ಲಿ ಅವನ ವಾಸ.

"ಅಣ್ಣಾ, ದೊಡ್ಡ ಗಾಡಿ ಓಡಿಸೋನಿಗೆ ಚಿಕ್ಕ ಗಾಡಿ ಕೈಕೊಡ್ತು ನೋಡಿ."

"ಚಿಕ್ಕದಕ್ಕೆ ಯಾವಾಗಲೂ ರೋಷ ಜಾಸ್ತಿ," ಎಂದು ಬ್ರೇಕಣ್ಣ ಚಕ್ರ ಬಿಚ್ಚಿದ.

"ಈ ಪಂಕ್ಚರ್ ನೀವು ಪುಕ್ಕಟೆ ಹಾಕ್ಬೇಕಣ್ಣ. ನಿಮ್ಮ ಕಲ್ಲನ್ನ ಕಾಪಾಡಿದ್ದೀನಿ ನಾನು."

"ಯಾವ ಕಲ್ಲು?"

"ಅದೇ, ಬೆಟ್ಟದ ಮೇಲಿಂದು. ಗುರುವಾರ ಬ್ಲೇಡಿಗೆ ಸಿಕ್ಕಿ ಉರುಳ್ಕೊಂಡು ಚರಂಡಿಗೆ ಬಿತ್ತು. ನೋಡ್ತೀನಿ, ಹಳದಿ ಬಾಣ! ಇದು ಬ್ರೇಕಣ್ಣಂದೇ ಅಂತ ಇಳಿದು, ಎತ್ತಿ, ಮಣ್ಣು ಒರೆಸಿ, ಮತ್ತೆ ಇಟ್ಟು ಬಂದೆ. ಬೇರೆ ಡ್ರೈವರ್ ಆಗಿದ್ರೆ ಸೀಟು ಬಿಟ್ಟು ಇಳೀತಿದ್ನಾ ಹೇಳಿ?"

ತೊಟ್ಟಿಯ ನೀರಿನಲ್ಲಿ ಟ್ಯೂಬು ಮುಳುಗಿಸಿದ್ದ ಬ್ರೇಕಣ್ಣನ ಕೈ ಅಲ್ಲಿಯೇ ನಿಂತಿತು. ತೂತಿನಿಂದ ಗುಳ್ಳೆಗಳು ಒಂದರ ಹಿಂದೊಂದು ಏಳುತ್ತಿದ್ದವು.

"ಬಾಣದ ಮೂತಿ ಯಾವ ಕಡೆ ಮಾಡಿಟ್ಟೆ?"

"ಅಗಲ ರಸ್ತೆ ಕಡೆ. ಇನ್ಯಾವ ಕಡೆ ಇಡ್ಲಿ? ಎಡಗಡೇದು ದನ ಹೋಗೋ ದಾರಿ ಥರ ಇದೆ. ಬಲಗಡೆ ಬಾಯಲ್ಲಿ ನಾನು ಗಾಡಿ ತಿರುಗಿಸ್ಕೊಂಡೆ. ಹಂಗೇ ಸ್ವಲ್ಪ ದೂರ ನುಣ್ಣಗೆ ಮಾಡಿ ಕೊಟ್ಟಿದ್ದೀನಿ, ನಿಮ್ಮೋರು ಜಾರುಬಂಡೆ ಥರ ಹೋಗ್ಬಹುದು."

ಪರದೆ ಸರಿಯಿತು. ಹೆಂಡತಿಯ ಕೈಯಲ್ಲಿ ಕತ್ತರಿ ಹಾಗೆಯೇ ಇತ್ತು. "ರೀ, ಬಲಗಡೆ ಅಂದ್ರೆ..."

"ಕ್ವಾರಿ," ಎಂದ ಬ್ರೇಕಣ್ಣ.

"ಯಾವ ಕ್ವಾರಿ? ಮುಂದೆ ರಸ್ತೆ ಇಲ್ವಾ?" ಚಾಲಕ ಇಬ್ಬರ ಮುಖವನ್ನೂ ನೋಡಿದ. ಅವನಿಗೂ ಅರ್ಥವಾಗುತ್ತ ಬಂತು.

ಹೆಂಡತಿ ಮಗಳ ಫೋನಿಗೆ ಕರೆ ಮಾಡಿದಳು. ಬೆಟ್ಟದ ಹಿಂಬದಿಯಲ್ಲಿ ಫೋನಿಗೆ ಸಿಗ್ನಲ್ ಇಲ್ಲವೆಂಬುದು ಗೊತ್ತಿದ್ದರೂ ಮತ್ತೆ ಮತ್ತೆ ಮಾಡಿದಳು. ಪಕ್ಕದ ಮನೆಯ ವ್ಯಾನು ಊರಲ್ಲಿರಲಿಲ್ಲ. ಬ್ರೇಕಣ್ಣ ಯಾವುದಕ್ಕೂ ಕಾಯಲಿಲ್ಲ. ಮೋಟಾರು ಗಾಡಿಗಳು ಹೋಗಲಾರದ ಒಂದು ಕಾಲುದಾರಿ ಅಂಗಡಿಯ ಹಿಂದಿನಿಂದ ನೇರವಾಗಿ ನೆತ್ತಿಗೆ ಹತ್ತುತ್ತಿತ್ತು. ಸೈಕಲ್ಲಿಗೆ ಹಾರಿ ಹೊರಟುಬಿಟ್ಟ. "ನಾನು ಗ್ರೇಡರ್ ತರ್ತೀನಿ ಅಣ್ಣಾ!" ಎಂದು ಚಾಲಕ ಕೂಗಿದ್ದು ಹಿಂದಿನಿಂದ ಕೇಳಿಸಿತು.

ಹತ್ತಲು ಆಗುವಲ್ಲಿ ತುಳಿದ. ಆಗದಲ್ಲಿ ಸೈಕಲ್ಲನ್ನು ಹೆಗಲಿಗೇರಿಸಿ ಓಡಿದ. ಐವತ್ತೆರಡು ವರ್ಷದ ಎದೆ ತಿದಿಯಂತೆ ಏದುತ್ತಿತ್ತು. ಮಂಜು ಕಣ್ಣಿಗೂ ಬಾಯಿಗೂ ನುಗ್ಗುತ್ತಿತ್ತು. ಅವರಿನ್ನೂ ಕಣಿವೆಯಲ್ಲಿರಬಹುದು. ಯಾರದಾದರೂ ಚೈನು ಬಿಚ್ಚಿಕೊಂಡಿರಬಹುದು. ಆರು ಟಯರುಗಳಲ್ಲಿ ಒಂದಾದರೂ, ಭಗವಂತಾ, ಒಂದಾದರೂ ಪಂಕ್ಚರ್ ಆಗಿರಲಿ. ಜನರ ಪಂಕ್ಚರ್ ತಿದ್ದಿ ಬದುಕಿದವನು ಅಂದು ಮೊದಲ ಬಾರಿಗೆ ಪಂಕ್ಚರ್ ಆಗಲೆಂದು ಹರಕೆ ಹೊತ್ತಂತೆ ಬೇಡಿಕೊಂಡ. ಹನ್ನೆರಡು ಟಯರುಗಳು, ಆರಲ್ಲ, ಎಂದು ಆ ಗಾಬರಿಯಲ್ಲೂ ಮನಸ್ಸು ತನ್ನನ್ನೇ ತಿದ್ದಿತು.

ನೆತ್ತಿಯ ಕವಲು ತಲುಪಿದಾಗ ಅಲ್ಲಿ ಯಾರೂ ಇರಲಿಲ್ಲ. ಕಲ್ಲು ಇತ್ತು. ಒರೆಸಿದ ಬಾಣ ಹೊಸದಾಗಿ ಬರೆದಂತೆ ಹೊಳೆಯುತ್ತ, ಬಲಕ್ಕೆ ಬೆರಳು ಮಾಡಿದಂತೆ ನಿಂತಿತ್ತು. ಎಡದಾರಿಯ ಮೇಲೆ ಬಿದ್ದ ಎಲೆಗಳು ಅಲುಗಿರಲಿಲ್ಲ. ಬಲಕ್ಕೆ, ಗ್ರೇಡರ್ ನುಣ್ಣಗೆ ಮಾಡಿದ ಜಲ್ಲಿಯ ಮೇಲೆ, ಟಯರುಗಳ ಗೆರೆಗಳು ಹೆಣೆದುಕೊಂಡು ಇಳಿದು ಮಂಜಿನೊಳಗೆ ಮರೆಯಾಗಿದ್ದವು.

"ಮಗಳೇ!" ಎಂದು ಕೂಗಿದ. ಮಂಜು ಕೂಗನ್ನು ಹತ್ತಿಯಂತೆ ಹೀರಿಕೊಂಡಿತು.

ನಡೆದು ಹೋದರೆ ತಡವಾಗುತ್ತದೆ. ಸೈಕಲ್ಲೇರಿ ಆ ಇಳಿಜಾರಿಗೆ ಬಿದ್ದ. ಮೂವತ್ತೊಂದು ವರ್ಷಗಳಿಂದ ಬ್ರೇಕಿನ ಮೇಲಿದ್ದ ಬೆರಳುಗಳನ್ನು ಎತ್ತಿದ. ಬಲದಿಂದಲೇ, ಬೇರೆಯವರ ಬೆರಳುಗಳನ್ನು ಬಿಡಿಸುವಂತೆ ಎತ್ತಬೇಕಾಯಿತು. ಸಡಿಲ ಜಲ್ಲಿಯ ಮೇಲೆ ಮುಂದಿನ ಚಕ್ರ ಅತ್ತಿತ್ತ ನುಲಿಯಿತು. ಕಣ್ಣಿಗೆ ಕಾಣುತ್ತಿದ್ದದ್ದು ಚಕ್ರದ ಮುಂದಿನ ಚೂರು ನೆಲ ಮಾತ್ರ, ಆಚೆಗೆ ಬಿಳುಪು. ಆ ಬಿಳುಪಿನಲ್ಲಿ ಎಲ್ಲಿ ನೆಲ ಮುಗಿಯುತ್ತದೆಂದು ಅವನಿಗೆ ತಿಳಿಯದು. ಮಗಳು ಮೊದಲ ಸಲ ಸೈಕಲ್ ಕಲಿತದ್ದು ನೆನಪಾಗಲಿಲ್ಲ, ಅವಳ ಮುಖವೂ ನೆನಪಾಗಲಿಲ್ಲ. ನೀರಿನ ಬಣ್ಣವೊಂದೇ ಕಣ್ಣಿಗೆ ಕಟ್ಟುತ್ತಿತ್ತು.

ಆಗ ಮಾತು ಕೇಳಿಸಿತು. ಹೆಂಗಸಿನ ದನಿ, ಸಿಡುಕಿನದು. "ಎಷ್ಟು ಹೊತ್ತು ಅಂತ ಹೀಗೇ ನಿಲ್ಲೋದು? ಚಳಿ ಹತ್ತುತ್ತಿದೆ."

"ನಿಲ್ಲಿ!" ಬ್ರೇಕಣ್ಣ ಅರಚಿದ. "ಯಾರೂ ಮುಂದೆ ಹೆಜ್ಜೆ ಇಡಬೇಡಿ!" ಬ್ರೇಕು ಅದುಮಿದ ರಭಸಕ್ಕೆ ಸೈಕಲ್ ಜಾರಿ, ಅವನು ಜಲ್ಲಿಯ ಮೇಲೆ ಉರುಳಿಕೊಂಡೇ ಅವರ ಕಾಲಿನ ಬಳಿ ಬಂದು ಬಿದ್ದ.

"ಅಪ್ಪಾ!" ಮಗಳು ಓಡಿ ಬಂದು ತೋಳು ಹಿಡಿದಳು. ಅವನು ಅವಳ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದನೆಂದರೆ ಅವಳು "ನೋವಾಗ್ತಿದೆ" ಎಂದಳು. ಆದರೂ ಬಿಡಲಿಲ್ಲ. ಬಿದ್ದಲ್ಲಿಂದಲೇ ತಲೆಗಳನ್ನು ಎಣಿಸಿದ. ಮತ್ತೊಮ್ಮೆ ಎಣಿಸಿದ. ಐದು.

"ಇನ್ನೊಬ್ಬರು ಎಲ್ಲಿ?"

"ಮೆಡಿಕಲ್ ಸ್ಟೋರಿನವರು ಮುಂದೆ ಹೋದ್ರು. ಬಾಣ ಆದ್ಮೇಲೆ ನಿನ್ನ ಬೊಟ್ಟು ಸಿಗಲೇ ಇಲ್ಲ ಅಪ್ಪಾ. ನಂಗೆ ಯಾಕೋ ಕಾಲು ನಡುಗೋಕೆ ಶುರುವಾಯ್ತು. ಎಲ್ಲರನ್ನೂ ಇಳಿಸಿದೆ. ಅವರು ಮಾತ್ರ, ಬೊಟ್ಟು ಜಲ್ಲಿ ಅಡಿ ಹೂತುಹೋಗಿರುತ್ತೆ, ನೀನೂ ಅಪ್ಪನ ಮಗಳೇ ಸರಿ ಅಂತ ನಕ್ಕು..." ಅವಳು ತಂದೆಯ ಮುಖ ನೋಡಿದಳು. "ಮುಂದೆ ಏನಿದೆ ಅಪ್ಪಾ?"

"ಏನೂ ಇಲ್ಲ," ಎಂದ ಬ್ರೇಕಣ್ಣ. "ಮುಂದೆ ಏನೂ ಇಲ್ಲ."

ಎಲ್ಲರೂ ಸೇರಿ ಕೂಗಿದರು. ಕೂಗಿ, ಉಸಿರು ಹಿಡಿದು ಕಾದರು. ಸಿಡುಕಿದ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಿದ್ದಳು. ಉತ್ತರವಿಲ್ಲ. ಮಗಳು ಮುಂದಕ್ಕೆ ಹೊರಟಳು. ಅವಳನ್ನು ಎಳೆದು ಕೂರಿಸಿ ಬ್ರೇಕಣ್ಣ ತಾನೇ ಹೋದ. ಮೊದಲು ನಡೆದ, ಆಮೇಲೆ ಅಂಬೆಗಾಲಿಟ್ಟ, ಕೊನೆಗೆ ಹೊಟ್ಟೆಯ ಮೇಲೆ ಮಲಗಿ, ಕುರುಡನಂತೆ ಕೈಯಿಂದ ಮುಂದಿನ ನೆಲವನ್ನು ತಡವಿ ತಡವಿ ತೆವಳಿದ. ಜಲ್ಲಿಯಲ್ಲಿ ಒಂದೇ ಟಯರಿನ ಗೆರೆ ಅವನ ಮೂಗಿನ ಕೆಳಗೇ ಹಾಯ್ದು ಹೋಗಿತ್ತು. ಒಂದೆಡೆ ಆ ಗೆರೆ ಅಡ್ಡಕ್ಕೆ ಕೊರೆದು ಅಗಲವಾಯಿತು. ಅಲ್ಲಿಂದಾಚೆ ಕೈಗೆ ನೆಲ ಸಿಗಲಿಲ್ಲ. ತಣ್ಣನೆಯ ಗಾಳಿ ಕೆಳಗಿನಿಂದ ಮೇಲಕ್ಕೆ ಬಂದು ಮುಖಕ್ಕೆ ತಾಗಿತು.

ಎಡಗಡೆ ಏನೋ ಉಸಿರಾಡಿದಂತಾಯಿತು. ಔಷಧಿ ಅಂಗಡಿಯವನು ಬೇಲಿಯ ಕೊಳೆತ ಕಂಬವೊಂದನ್ನು ಎರಡು ತೋಳಿನಿಂದಲೂ ಎರಡು ಕಾಲಿನಿಂದಲೂ ತಬ್ಬಿಕೊಂಡು ಕುಳಿತಿದ್ದ. ಕೂಗಿದ್ದೆಲ್ಲ ಅವನಿಗೆ ಕೇಳಿಸಿತ್ತು. ಓಗೊಡಲು ದನಿ ಹೊರಟಿರಲಿಲ್ಲ.

"ಕೈ ಕೊಡು," ಎಂದ ಬ್ರೇಕಣ್ಣ.

ಅವನು ಕಂಬ ಬಿಡಲಿಲ್ಲ. "ಸೈಕಲ್ ಹೋಯ್ತು," ಎಂದು ಪಿಸುಗುಟ್ಟಿದ. "ಶಬ್ದ ಬರುತ್ತೆ ಬರುತ್ತೆ ಅಂತ ಕಾದೆ ಬ್ರೇಕಣ್ಣ. ಎಷ್ಟೋ ಹೊತ್ತಾದ ಮೇಲೆ ಬಂತು."

"ಗೊತ್ತು. ಕೆಳಗೆ ನೋಡಬೇಡ. ನನ್ನ ಮುಖ ನೋಡು. ನಂಗೂ ನಿನ್ನಷ್ಟೇ ಭಯ ಆಗ್ತಿದೆ, ನೋಡು. ಒಂದು ಕೈ ಬಿಡು ಸಾಕು."

ಒಂದು ಕೈ ಬಂತು. ಅದು ಮೀನಿನ ಹಾಗೆ ತಣ್ಣಗೆ ಜಾರುತ್ತಿತ್ತು. ಬ್ರೇಕಣ್ಣ ಅದನ್ನು ತನ್ನ ಬೆಲ್ಟಿನೊಳಗೆ ಸಿಕ್ಕಿಸಿಕೊಂಡು ಹಿಂದಕ್ಕೆ ತೆವಳಿದ. ಮೇಲಿನಿಂದ ಮಗಳು ಕೂಗುತ್ತಲೇ ಇದ್ದಳು. ಆ ದನಿಯ ಕಡೆಗೆ ಇಬ್ಬರೂ ಮೊಣಕೈ ಊರಿಕೊಂಡು ಏರಿದರು.

ಆರು ಮಂದಿಯನ್ನೂ ಸಾಲಾಗಿ ನಡೆಸಿಕೊಂಡು ಕವಲಿಗೆ ಬರುವ ಹೊತ್ತಿಗೆ ಗ್ರೇಡರಿನ ಗುಡುಗು ಕೇಳಿಸಿತು. ಮಂಜನ್ನು ಸೀಳಿಕೊಂಡು ಬಂದ ಆ ಯಂತ್ರದ ಮೆಟ್ಟಿಲ ಮೇಲೆ, ಕಂಬಿಗೆ ನೇತುಬಿದ್ದುಕೊಂಡು, ಬ್ರೇಕಣ್ಣನ ಹೆಂಡತಿ ನಿಂತಿದ್ದಳು. ಇಳಿದವಳು ಮಗಳನ್ನು ಅಪ್ಪಿಕೊಳ್ಳಲಿಲ್ಲ; ಬೆನ್ನಿಗೆ ಒಂದು ಗುದ್ದು ಕೊಟ್ಟಳು. "ಮಂಜು ಕಚ್ಚುತ್ತಾ ಅಂದೆಯಲ್ಲೇ!" ಆಮೇಲೆ ಅಲ್ಲಿಯೇ ಕುಸಿದು ಕುಳಿತು ಅತ್ತಳು.

ಚಾಲಕ ಸೀಟಿನಿಂದ ಇಳಿಯಲಿಲ್ಲ. "ಎಲ್ಲರೂ ಇದ್ದಾರಾ ಅಣ್ಣಾ?"

"ಇದ್ದಾರೆ."

"ನಾನು ಒಳ್ಳೇದಕ್ಕೇ ಇಟ್ಟಿದ್ದು ಅಣ್ಣಾ. ನನ್ನ ತಾಯಾಣೆ."

"ಬಿಡಿಗಲ್ಲಿನ ಮೇಲೆ ಬರೆದೋನು ನಾನು," ಎಂದ ಬ್ರೇಕಣ್ಣ. ಯಂತ್ರದ ಚಕ್ರಕ್ಕೆ ಒರಗಿಕೊಂಡ. "ನೀನೀಗ ಒಂದು ಕೆಲಸ ಮಾಡು. ಆ ಬಲಗಡೆ ಬಾಯಿ ಮುಚ್ಚು."

ಬ್ಲೇಡು ಇಳಿಯಿತು. ಜಲ್ಲಿ ಮತ್ತು ಮಣ್ಣು ಕೊರೆದುಕೊಂಡು ಬಂದು ಕ್ವಾರಿ ರಸ್ತೆಯ ಬಾಯಿಗೆ ಅಡ್ಡಲಾಗಿ ಒಡ್ಡಿನಂತೆ ಬಿದ್ದವು. ಮೊದಲು ಮೊಣಕಾಲೆತ್ತರ, ಆಮೇಲೆ ಸೊಂಟದೆತ್ತರ. ಬಾಣದ ಕಲ್ಲು ಯಾವ ಸುತ್ತಿನಲ್ಲಿ ಅದರೊಳಗೆ ಸೇರಿಹೋಯಿತೋ ಯಾರೂ ಗಮನಿಸಲಿಲ್ಲ.

"ಸಾಕಾ ಅಣ್ಣಾ?"

"ಇನ್ನೊಂದು ಸಲ."

ಎದೆಯೆತ್ತರವಾಯಿತು. ಮಗಳು ಹೇಳಿದಳು, "ಅಪ್ಪಾ, ಇದನ್ನ ಲಾರಿನೂ ದಾಟಲ್ಲ. ಬಾ, ಮನೆಗೆ ಹೋಗೋಣ."

"ಇನ್ನೊಂದೇ ಸಲ ಕಣಮ್ಮಾ."

ತಲೆಯೆತ್ತರವಾಯಿತು. ಚಾಲಕ ಎಂಜಿನ್ನಿನ ಸದ್ದಿನ ಮೇಲೆ ಕೂಗಿದ: "ಅಣ್ಣಾ, ಡೀಸೆಲ್ ಮುಗೀತಾ ಬಂತು! ಇನ್ನು ಇದು ಮಳೆಗೂ ಕರಗಲ್ಲ!"

ಬ್ರೇಕಣ್ಣ ಒಡ್ಡಿನ ಉದ್ದಕ್ಕೂ ಕಣ್ಣಾಡಿಸಿ, ಅರೆಮನಸ್ಸಿನಿಂದ, ಸರಿ ಎಂದು ತಲೆಯಾಡಿಸುವುದರಲ್ಲಿದ್ದ. ಅಷ್ಟರಲ್ಲಿ, ದಾರಿಯುದ್ದಕ್ಕೂ ತುಟಿ ಬಿಚ್ಚದೆ ಬಂದಿದ್ದ ಔಷಧಿ ಅಂಗಡಿಯವನು ಹಿಂದಿನಿಂದ ಅವನ ತೋಳು ಹಿಡಿದುಕೊಂಡ.

"ಇನ್ನೊಂದು ಸಲ ತಳ್ಳಿಸಿ ಬ್ರೇಕಣ್ಣ," ಎಂದ. "ಡೀಸೆಲ್ ನಾನು ತರಿಸ್ತೀನಿ."